ಜೇಮ್ಸ್ ಬಾಂಡ್ ಚಿತ್ರಗಳನ್ನು ಇತಿಹಾಸದ ಪಾಠಕ್ಕೆ ಬಳಸಬಹುದೇ?

ಹಾಸನದ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಪ್ರಥಮ ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತೇನೆ. ಎರಡನೇ ಮಹಾಯುದ್ಧದ ನಂತರದ ಜಗತ್ತು, ಶೀತಲ ಸಮರ, ವಸಾಹತುಗಳ ಬಿಡುಗಡೆ, ಇಷ್ಟು ಪಾಠಕ್ಕೆ ಬರುವ ಹೊತ್ತಿಗೆ ವರ್ಷ ಮುಗಿಯುತ್ತಾ ಬಂದಿರುತ್ತದೆ, ಮಕ್ಕಳೂ ಸುಸ್ತಾಗಿರುತ್ತಾರೆ. ಇಸವಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಅಲ್ಲೇ ಬಿಟ್ಟು ಬರುತ್ತಾರೆ. ಈ ಸಲ ಆ ಪಾಠವನ್ನು ಜೇಮ್ಸ್ ಬಾಂಡ್‌ನಿಂದ ಶುರು ಮಾಡೋಣ ಅಂತಿದ್ದೇನೆ. 007 ಅಂದರೆ ಹಿಂದಿನ ಬೆಂಚಿನವರಿಗೂ ಗೊತ್ತು.

ಸ್ಟಾಫ್ ರೂಮಿನಲ್ಲಿ ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, "ಗುಂಡು ಹಾರಿಸೋದು, ಗುಂಡು ಹಾಕೋದು, ಹುಡುಗಿಯರ ಹಿಂದೆ ಓಡೋದು. ಇದರಲ್ಲಿ ಇತಿಹಾಸ ಎಲ್ಲಿದೆ ಮೇಡಂ?" ಅಂದರು. ಪ್ರಶ್ನೆ ಸರಿಯಾದದ್ದೇ. 1962ರಿಂದ 2021ರವರೆಗೆ ಒಂದೇ ಸಂಸ್ಥೆ 25 ಚಿತ್ರ ತೆಗೆದಿದೆ, ನಾಯಕ ನಟರು ಆರು ಜನ ಬದಲಾಗಿದ್ದಾರೆ. ಅಷ್ಟು ಕಾಲ ಜನ ನೋಡಿದ್ದಕ್ಕೆ ಕಾರಣ ಬರೀ ಕಾರು, ಬಂದೂಕು ಇರಲಾರದು ಅಂತ ನನ್ನ ಅನಿಸಿಕೆ. ಆದರೆ ಅದನ್ನು ತರಗತಿಯಲ್ಲಿ ಕಣ್ಣಿಗೆ ಕಾಣುವ ಹಾಗೆ ತೋರಿಸಲು ಏನು ಸಿಗುತ್ತದೆ?

ಇನ್ನೊಂದು ಮಾತೂ ನನ್ನನ್ನು ಕಾಡುತ್ತಿದೆ. ಬ್ರಿಟಿಷರು ಬಿಟ್ಟುಹೋದ ದೇಶದ ನಾವು ಬ್ರಿಟಿಷ್ ಸರ್ಕಾರದ ಗೂಢಚಾರನಿಗೆ ಯಾಕೆ ಚಪ್ಪಾಳೆ ಹೊಡೆಯುತ್ತೇವೆ? ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ. ತಿಳಿದವರು ದಯವಿಟ್ಟು ಹೇಳಿ.

ಹಳೇ ರೀಲು:

ಟೀಚರ್, ಖಂಡಿತ ಬಳಸಿ. ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ನನ್ನನ್ನೂ ಬಹಳ ಕಾಲದಿಂದ ಹಿಡಿದುಕೊಂಡಿದೆ.

'ದಿ ಸ್ಪೈ ಹೂ ಲವ್ಡ್ ಮಿ' 1977ರ ಚಿತ್ರ. ಅದರ ಆರಂಭದಲ್ಲಿ ಬಾಂಡ್ ಪಾತ್ರದ, ಹಳದಿ ಸೂಟಿನ ರೋಜರ್ ಮೂರ್ ಹಿಮದ ಮೇಲೆ ಜಾರಿಕೊಂಡು ಬರುತ್ತಾನೆ, ರಷ್ಯನ್ನರು ಬೆನ್ನಟ್ಟಿರುತ್ತಾರೆ. ಎದುರಿಗೆ ಪ್ರಪಾತ. ನೇರ ಹಾರಿಬಿಡುತ್ತಾನೆ. ಸಂಗೀತ ನಿಂತುಹೋಗುತ್ತದೆ. ಸಣ್ಣ ಚುಕ್ಕಿಯಂತೆ ಕೆಳಗೆ ಬೀಳುತ್ತಲೇ ಇರುತ್ತಾನೆ, ಕಾಲಿಗೆ ಕಟ್ಟಿದ್ದ ಸ್ಕೀ ಕಳಚಿ ಬೀಳುತ್ತವೆ, ಏನೂ ಸದ್ದಿಲ್ಲ. ಆಮೇಲೆ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ, ನೋಡಿದರೆ ಪೂರ್ತಿ ಯೂನಿಯನ್ ಜ್ಯಾಕ್, ಬ್ರಿಟಿಷರ ಬಾವುಟ! ಬಾಂಡ್ ಸಂಗೀತ ಭೋರ್ಗರೆಯುತ್ತದೆ. ಡಿಗ್ರಿ ಓದುತ್ತಿದ್ದಾಗ ಬ್ರಿಗೇಡ್ ರಸ್ತೆಯಲ್ಲಿ ಇದನ್ನು ನೋಡಿದೆ. ಥಿಯೇಟರ್ ಹುಚ್ಚೆದ್ದು ಹೋಯಿತು. ಗಾಂಧಿ ಕ್ಲಾಸಿನಲ್ಲಿ ಕೂತವರು ಎದ್ದು ನಿಂತು ಶಿಳ್ಳೆ ಹೊಡೆದರು. ನನ್ನ ಪಕ್ಕದಲ್ಲಿ ಕೂತಿದ್ದ ಸೋದರಮಾವ 1942ರಲ್ಲಿ ಶಾಲೆ ಬಿಟ್ಟು ಚಳವಳಿಯ ಮೆರವಣಿಗೆಗೆ ಹೋದವರು. ಅವರೂ ಚಪ್ಪಾಳೆ ತಟ್ಟಿದರು. ಮನೆಗೆ ಬರುವಾಗ ಬಸ್ಸಿನಲ್ಲಿ ಕೇಳಿದೆ, "ಮಾವ, ಆ ಬಾವುಟಕ್ಕೆ ಚಪ್ಪಾಳೆ ಹೊಡೆದ್ರಲ್ಲ?" ಅವರು ಹೇಳಿದ್ದು, "ಈಗ ಅದು ಬರೀ ಬಟ್ಟೆ ಕಣೋ. ನಮ್ಮ ತಲೆ ಮೇಲೆ ಹಾರಾಡ್ತಿದ್ದಾಗ ಹೊಡೀಲಿಲ್ಲ, ಈಗ ಹೊಡೀಬಹುದು."

ನಿಮ್ಮ ಮಕ್ಕಳಿಗೆ ಈ ಉತ್ತರ ಸಾಲದಿರಬಹುದು. ಆದರೆ ಆ ದೃಶ್ಯದ ಹಿಂದಿನ ಇಸವಿಗಳನ್ನು ಜೋಡಿಸಿ ನೋಡಿ. ಆ ಜಿಗಿತವನ್ನು 1976ರ ಜುಲೈನಲ್ಲಿ ಕೆನಡಾದ ಬ್ಯಾಫಿನ್ ದ್ವೀಪದ ಅಸ್ಗಾರ್ಡ್ ಬೆಟ್ಟದ ಮೇಲಿಂದ ನಿಜವಾಗಿ ಹಾರಿ ಚಿತ್ರಿಸಿದರು. ಹಾರಿದವನು ರಿಕ್ ಸಿಲ್ವೆಸ್ಟರ್ ಎಂಬ ಸಾಹಸಿ. ಎರಡೇ ತಿಂಗಳಲ್ಲಿ, ಅಂದರೆ ಅದೇ ಸೆಪ್ಟೆಂಬರಿನಲ್ಲಿ, ಬ್ರಿಟನ್ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಮುಂದೆ ಕೈಯೊಡ್ಡಿ 390 ಕೋಟಿ ಡಾಲರ್ ಸಾಲ ಕೇಳಿತು. ಪೌಂಡಿನ ಬೆಲೆ ಕುಸಿದಿತ್ತು. ಚಿತ್ರ ಬಿಡುಗಡೆಯಾದ 1977 ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದ ಬೆಳ್ಳಿಹಬ್ಬದ ವರ್ಷ. ಪ್ರಪಾತಕ್ಕೆ ಬೀಳುತ್ತಿರುವವನ ಬೆನ್ನಿಂದ ಕೊನೇ ಗಳಿಗೆಯಲ್ಲಿ ಬಾವುಟ ಬಿಚ್ಚಿಕೊಂಡು ಅವನನ್ನು ಉಳಿಸುತ್ತದೆ. ಆ ವರ್ಷದ ಇಂಗ್ಲೆಂಡಿನವರಿಗೆ ಅದು ಏನು ಅನಿಸಿರಬೇಡ! ಬಾಂಡ್ ಬ್ರಿಟನ್ನಿನ ಶಕ್ತಿಯ ಕಥೆ ಅಂತ ಎಲ್ಲರೂ ಹೇಳುತ್ತಾರೆ. ಶಕ್ತಿ ಕೈಬಿಟ್ಟು ಹೋಗುತ್ತಿರುವಾಗ ಹೇಳಿಕೊಂಡ ಕಥೆ ಅಂತ ನಾನು ಓದುತ್ತೇನೆ.

ಮೊದಲಿಂದಲೂ ಹಾಗೆಯೇ ಇತ್ತು. ಬಾಂಡ್ ಕಥೆಗಳನ್ನು ಬರೆದ ಇಯಾನ್ ಫ್ಲೆಮಿಂಗ್ ಯುದ್ಧಕಾಲದಲ್ಲಿ ನೌಕಾ ಗುಪ್ತಚರ ವಿಭಾಗದಲ್ಲಿ ಕೆಲಸ ಮಾಡಿದವನು. ಜಮೈಕಾದ ಉತ್ತರ ಕರಾವಳಿಯಲ್ಲಿ ಗೋಲ್ಡನ್‌ಐ ಅಂತ ಮನೆ ಕಟ್ಟಿಸಿಕೊಂಡಿದ್ದ. ಮೊದಲ ಕಾದಂಬರಿ 'ಕೆಸಿನೊ ರಾಯಲ್' ಬರೆದದ್ದು ಅಲ್ಲಿ, 1952ರಲ್ಲಿ. ಬಾಂಡ್ ಅನ್ನುವ ಹೆಸರನ್ನು ವೆಸ್ಟ್ ಇಂಡೀಸ್ ಹಕ್ಕಿಗಳ ಬಗ್ಗೆ ಪುಸ್ತಕ ಬರೆದ ಪಕ್ಷಿತಜ್ಞರಿಂದ ತೆಗೆದುಕೊಂಡ. ಹಿಂದಿನ ವರ್ಷವಷ್ಟೇ ಬರ್ಜೆಸ್ ಮತ್ತು ಮೆಕ್ಲೀನ್ ಎಂಬ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಸೋವಿಯತ್ ಕಡೆಗೆ ಓಡಿಹೋಗಿ ದೇಶದ ಗುಪ್ತಚರ ವ್ಯವಸ್ಥೆಯ ಮಾನ ಹರಾಜಾಗಿತ್ತು. ಪುಸ್ತಕ 1953ರ ಏಪ್ರಿಲ್‌ನಲ್ಲಿ ಬಂತು. ಆಗ ಇಂಗ್ಲೆಂಡಿನಲ್ಲಿ ಮಾಂಸ ಸಿಗುತ್ತಿದ್ದದ್ದು ರೇಷನ್ ಕಾರ್ಡಿನ ಮೇಲೆ, ಪಡಿತರ ಪೂರ್ತಿ ಮುಗಿದದ್ದು 1954ರ ಜುಲೈನಲ್ಲಿ. ಆ ಕಾದಂಬರಿಯಲ್ಲಿ ಬಾಂಡ್ ಫ್ರಾನ್ಸಿನ ಹೋಟೆಲಿನಲ್ಲಿ ಕೂತು ಕ್ಯಾವಿಯಾರ್ ಎಂಬ ದುಬಾರಿ ಮೀನಿನ ಮೊಟ್ಟೆ ತರಿಸುತ್ತಾನೆ, ಆಮೇಲೆ ಮಾಂಸ, ಕೊನೆಗೆ ಅರ್ಧ ಬೆಣ್ಣೆಹಣ್ಣು. ಜೊತೆಗಿದ್ದವಳಿಗೆ ಸ್ಟ್ರಾಬೆರಿ, ಮೇಲೆ ಧಾರಾಳ ಕೆನೆ. ಕಾರ್ಡು ಹಿಡಿದು ಕ್ಯೂ ನಿಂತ ಓದುಗರಿಗೆ ಈ ಊಟದ ಪುಟ ಪಿಸ್ತೂಲಿಗಿಂತ ರೋಚಕವಾಗಿತ್ತು ಅಂತ ನಾನು ನಂಬುತ್ತೇನೆ. ಪಡಿತರ ಅಂಗಡಿ ನೋಡಿದ ನಮ್ಮ ಮಕ್ಕಳಿಗೆ ಇದು ತಟ್ಟನೆ ಅರ್ಥವಾಗುತ್ತದೆ, ಬಳಸಿ.

ಇನ್ನು ಸೂಯೆಜ್. 1956ರ ಜುಲೈನಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್, ಫ್ರಾನ್ಸ್ ಸೈನ್ಯ ನುಗ್ಗಿಸಿದವು, ಅಮೆರಿಕ ಗದರಿಸಿತು, ವಾಪಸ್ಸು ಬರಬೇಕಾಯಿತು. ಆರೋಗ್ಯ ಕೆಟ್ಟ ಪ್ರಧಾನಿ ಆಂಥನಿ ಈಡನ್ ನವೆಂಬರಿನಲ್ಲಿ ವಿಶ್ರಾಂತಿಗೆ ಹೋದದ್ದೆಲ್ಲಿಗೆ ಗೊತ್ತೇ? ಗೋಲ್ಡನ್‌ಐಗೆ, ಫ್ಲೆಮಿಂಗ್‌ನ ಆ ಮನೆಗೇ! ಅಲ್ಲಿಂದ ಬಂದು ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಸಾಮ್ರಾಜ್ಯ ಮುಗಿಯಿತೆಂದು ಜಗತ್ತಿಗೇ ಗೊತ್ತಾದ ವರ್ಷ ಆ ದೇಶದ ಪ್ರಧಾನಿ ಬಾಂಡ್ ಹುಟ್ಟಿದ ಮನೆಯಲ್ಲಿ ಮಲಗಿದ್ದರು. ಇದನ್ನು ಹೇಳಿದ ಮೇಲೆ ಸೂಯೆಜ್ ಬಿಕ್ಕಟ್ಟನ್ನು ಯಾವ ಮಗುವೂ ಮರೆಯುವುದಿಲ್ಲ.

ಮೊದಲ ಚಿತ್ರ 'ಡಾಕ್ಟರ್ ನೋ' ಜಮೈಕಾದಲ್ಲಿ ಚಿತ್ರೀಕರಣವಾದದ್ದು 1962ರ ಆರಂಭದಲ್ಲಿ, ಅದಿನ್ನೂ ವಸಾಹತಾಗಿದ್ದಾಗ. ಆಗಸ್ಟ್ 6ಕ್ಕೆ ಜಮೈಕಾ ಸ್ವತಂತ್ರವಾಯಿತು. ಚಿತ್ರ ಲಂಡನ್ನಿನಲ್ಲಿ ತೆರೆಕಂಡದ್ದು ಅಕ್ಟೋಬರ್ 5ಕ್ಕೆ. ಬೀಟಲ್ಸ್ ತಂಡದ ಮೊದಲ ಹಾಡಿನ ತಟ್ಟೆ ಹೊರಬಂದದ್ದೂ ಅದೇ ದಿನ. ಆಳಲು ಬೇರೆಯವರ ನೆಲ ಉಳಿಯದಿದ್ದರೂ ಜಗತ್ತಿಗೆ ಕೊಡಲು ಹಾಡು, ಕಥೆ ಉಳಿದಿದ್ದವು.

ಹಾಸನದ ಟೀಚರ್:

ಸರ್, ತುಂಬಾ ಧನ್ಯವಾದ. ಪಡಿತರದ ವಿಷಯ ನನಗೆ ಹೊಳೆದೇ ಇರಲಿಲ್ಲ. ನಿಮ್ಮ ಮಾವನವರ ಮಾತನ್ನು ತರಗತಿಯಲ್ಲಿ ಹಾಗೆಯೇ ಹೇಳುತ್ತೇನೆ.

ಧಾರವಾಡದಾಕಿ:

ಟೀಚರ್, ಪಾಠ ಛಲೋ ಆಗ್ತದ, ಮಾಡ್ರಿ. ಆದ್ರ ನಿಮ್ಮ ಸಹೋದ್ಯೋಗಿ ಕೇಳಿದ ಹೆಣ್ಮಕ್ಕಳ ಪ್ರಶ್ನಿ ಬಿಟ್ಟು ಮುಂದ ಹೋಗಬ್ಯಾಡ್ರಿ. ನಿಮ್ಮ ಕ್ಲಾಸಿನ್ಯಾಗ ಹುಡುಗೀರೂ ಕೂತಿರ್ತಾರ.

'ಡಾಕ್ಟರ್ ನೋ' ಒಳಗ ಸಮುದ್ರದಿಂದ ಎದ್ದು ಬರೂ ಉರ್ಸುಲಾ ಆಂಡ್ರೆಸ್ ಎಲ್ಲಾರಿಗೂ ಗೊತ್ತು. ಆಕಿ ಮಾತಿನ ದನಿ ಆಕಿದಲ್ಲ. ನಿಕ್ಕಿ ವಾನ್ ಡರ್ ಜಿಲ್ ಅನ್ನೂ ಬ್ಯಾರೆ ಹೆಣ್ಮಗಳ ದನಿ ಅದು. ಹಾಡಿದಾಕಿ ಇನ್ನೊಬ್ಬಾಕಿ. ಮೈ ಒಬ್ಬಾಕಿದು, ಮಾತು ಒಬ್ಬಾಕಿದು, ಹಾಡು ಮತ್ತೊಬ್ಬಾಕಿದು. ನಿಕ್ಕಿ ಮುಂದ ಎಷ್ಟೋ ಬಾಂಡ್ ಚಿತ್ರಗಳ ನಾಯಕಿಯರಿಗೆ ದನಿ ಕೊಟ್ಟಾಳ, ಪರದೆ ಮ್ಯಾಲೆ ಹೆಸರು ಮಾತ್ರ ಇಲ್ಲ. ಡಬ್ಬಿಂಗ್ ಕಲಾವಿದೆಯಾಗಿ ನಾನೂ ಕೆಲಸ ಮಾಡೇನಿ, ಅದಕ್ಕ ಈ ಮಾತು ನನಗ ಎದಿಗೆ ತಾಗ್ತದ.

ಆಮ್ಯಾಲೆ 1992ರಾಗ ಸ್ಟೆಲ್ಲಾ ರಿಮಿಂಗ್ಟನ್ ಎಂಐ5 ಅನ್ನೂ ಬ್ರಿಟನ್ನಿನ ಗುಪ್ತಚರ ಸಂಸ್ಥೆಗೆ ಮುಖ್ಯಸ್ಥೆ ಆದರು. ಆ ಕುರ್ಚಿಗೆ ಬಂದ ಮೊದಲ ಹೆಣ್ಣು ಅವರು. ಮೂರೇ ವರ್ಷಕ್ಕ 'ಗೋಲ್ಡನ್‌ಐ' ಚಿತ್ರದಾಗ ಜೂಡಿ ಡೆಂಚ್ ಬಾಂಡ್‌ನ ಮ್ಯಾಲಧಿಕಾರಿ 'ಎಂ' ಆಗಿ ಬಂದು, ಹೆಣ್ಮಕ್ಕಳನ್ನ ಕೀಳಾಗಿ ನೋಡೂ ಡೈನೋಸಾರ್ ನೀನು, ಶೀತಲ ಸಮರದ ಪಳೆಯುಳಿಕೆ ಅಂತ ಬಾಂಡ್‌ನ ಮುಖಕ್ಕ ಹೊಡದಂಗ ಹೇಳ್ತಾಳ. ಚಿತ್ರದವರು ಇಷ್ಟು ದಿನ ತೋರಿಸಿದ್ದಕ್ಕ ತಾವೇ ಉತ್ತರ ಹೇಳ್ಕೊಂಡಂಗ ಅದ. ಈ ಎರಡು ದೃಶ್ಯ ಒಂದರ ಹಿಂದ ಒಂದು ತೋರಿಸ್ರಿ, ಮೂವತ್ತು ವರ್ಷದಾಗ ಏನೇನು ಬದಲಾತು ಅಂತ ಹುಡುಗೀರೇ ಹೇಳ್ತಾರ.

ಖಳರ ಬಗ್ಗೆನೂ ಮಾತಾಡ್ರಿ. ಡಾಕ್ಟರ್ ನೋ ಅರ್ಧ ಚೀನೀಯ ಅಂತ ಕಥಿ, ಪಾತ್ರ ಮಾಡಿದಾವ ಬಿಳಿಯ ನಟ ಜೋಸೆಫ್ ವೈಸ್‌ಮನ್, ಮೇಕಪ್ ಹಚ್ಚಿಕೊಂಡು. ಮುಖದ ಮ್ಯಾಲೆ ಗಾಯದ ಕಲೆ ಇದ್ರ ಅವ ಕೆಟ್ಟಾವ ಅನ್ನೂದು 2021ರ ಚಿತ್ರದ ತನಕ ಬಂದದ. ಇಂಥಾ ಖಳರಿದ್ದ ಚಿತ್ರಕ್ಕ ರೊಕ್ಕ ಕೊಡೂದಿಲ್ಲ ಅಂತ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2018ರಾಗ ಹೇಳಿತು. ಮುಖ ಸುಟ್ಟ ಹುಡುಗಿ ಒಬ್ಬಾಕಿ ನಮ್ಮ ಓಣ್ಯಾಗ ಅದಾಳ. ಆಕಿ ಸಿನಿಮಾ ನೋಡಾಕ ಹೋದಾಗ ಪರದೆ ಮ್ಯಾಲೆ ಏನು ಕಾಣ್ತಾಳ ಅಂತ ಮಕ್ಕಳನ್ನ ಕೇಳ್ರಿ.

ಆರು ತಂತಿ:

ಒಂದು ಸಣ್ಣ ಸೇರ್ಪಡೆ, ಗಿಟಾರ್ ಕಲಿಸುವವನ ಕಡೆಯಿಂದ. ಬಾಂಡ್ ಸಂಗೀತದ ಬೇರು ಅರ್ಧ ನಮ್ಮ ಕಡೆಯದು. ವಿ.ಎಸ್. ನೈಪಾಲರ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' ಕಾದಂಬರಿ ಟ್ರಿನಿಡಾಡ್‌ಗೆ ಕೂಲಿಗೆ ಹೋದ ಭಾರತೀಯರ ಮನೆತನದ ಕಥೆ. ಅದನ್ನು ಸಂಗೀತ ನಾಟಕ ಮಾಡಲು ಮಾಂಟಿ ನಾರ್ಮನ್ ರಾಗ ಹಾಕಿದ್ದರು, ನಾಟಕ ರಂಗಕ್ಕೆ ಬರಲಿಲ್ಲ. ಅದರಲ್ಲಿ ತನ್ನ ಅಪಶಕುನದ ಸೀನಿನ ಬಗ್ಗೆ ಒಬ್ಬ ಹಾಡಿಕೊಳ್ಳುವ ಹಾಡಿತ್ತು, ಸಿತಾರಿನ ಧಾಟಿಯಲ್ಲಿ. 'ಡಾಕ್ಟರ್ ನೋ'ಗೆ ಕೆಲಸ ಬಂದಾಗ ಆ ಧಾಟಿಯನ್ನೇ ಎತ್ತಿಕೊಂಡು ಸ್ವರಗಳನ್ನು ಬಿಡಿಸಿ ಹಾಕಿದರು. ಜಾನ್ ಬ್ಯಾರಿ ವಾದ್ಯಗೋಷ್ಠಿ ಕಟ್ಟಿದರು, ವಿಕ್ ಫ್ಲಿಕ್ ಗಿಟಾರ್ ನುಡಿಸಿದರು. ಯಾರದು ಆ ಸಂಗೀತ ಅಂತ ಜಗಳವಾಗಿ 2001ರಲ್ಲಿ ಲಂಡನ್ ಕೋರ್ಟಿನಲ್ಲಿ ನಾರ್ಮನ್ ಪತ್ರಿಕೆಯೊಂದರ ಮೇಲೆ ಮಾನನಷ್ಟ ಮೊಕದ್ದಮೆ ಗೆದ್ದರು.

ನನ್ನ ವಿದ್ಯಾರ್ಥಿಗಳಿಗೆ ಮೊದಲು ಗಿಟಾರಿನ ಆ ಸಾಲು ನುಡಿಸಿ ತೋರಿಸುತ್ತೇನೆ, ಆಮೇಲೆ ನಾರ್ಮನ್ ಸ್ವತಃ ಹಾಡಿದ ಹಳೆಯದನ್ನು ಕೇಳಿಸುತ್ತೇನೆ. ಒಂದೇ ಅಂತ ಗೊತ್ತಾದ ಕ್ಷಣ ಅವರ ಮುಖ ನೋಡಬೇಕು. ಗುತ್ತಿಗೆ ಕೂಲಿಗಳ ಪಾಠವೂ ನಿಮ್ಮ ಪುಸ್ತಕದಲ್ಲಿದ್ದರೆ ಇದು ಅಲ್ಲಿಗೂ ಸಲ್ಲುತ್ತದೆ.

ಟೆಂಟ್ ಸಿನಿಮಾ ಭಕ್ತ:

ಇಷ್ಟೆಲ್ಲ ಮಾತಾಯ್ತು, ನಮ್ಮ ಕನ್ನಡದ ಬಾಂಡ್ ಸಿಐಡಿ 999 ಹೆಸರೇ ಬರಲಿಲ್ಲವಲ್ಲ ಸ್ವಾಮಿ!

ಮೇಡಂ, ಮಕ್ಕಳಿಗೆ ಅಣ್ಣಾವ್ರ 'ಜೇಡರ ಬಲೆ' ತೋರಿಸಿ. 1968ರದ್ದು, ದೊರೈ-ಭಗವಾನ್ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', ಆಮೇಲೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಹತ್ತು ವರ್ಷದಲ್ಲಿ ನಾಲ್ಕು ಚಿತ್ರ. ಆಗ ದಕ್ಷಿಣದಲ್ಲೆಲ್ಲ ಈ ಗಾಳಿ ಬೀಸಿತ್ತು, ತೆಲುಗಿನಲ್ಲಿ ಕೃಷ್ಣ ಅವರ 'ಗೂಢಚಾರಿ 116' 1966ಕ್ಕೇ ಬಂದಿತ್ತು, ಅದನ್ನೇ ಹಿಂದಿಯಲ್ಲಿ ಜಿತೇಂದ್ರ ಮಾಡಿದರು.

ನಿಮಗೆ ಬೇಕಾದ ಇತಿಹಾಸ ಇದರಲ್ಲಿ ಇನ್ನೂ ಹತ್ತಿರದಿಂದ ಸಿಗುತ್ತದೆ. ನಮ್ಮ ನಾಯಕ ಯಾಕೆ ಸಿಐಡಿ? ಭಾರತದ ವಿದೇಶಿ ಗುಪ್ತಚರ ಸಂಸ್ಥೆ ರಾ ಹುಟ್ಟಿದ್ದೇ 1968ರ ಸೆಪ್ಟೆಂಬರಿನಲ್ಲಿ. ಜನರ ಕಣ್ಣ ಮುಂದಿದ್ದ ಪತ್ತೇದಾರ ಅಂದರೆ ಪೊಲೀಸ್ ಇಲಾಖೆಯ ಸಿಐಡಿಯೇ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆಗೆ ತಂದು ಓದಿದ ಪ್ರೇಕ್ಷಕರು ಟೆಂಟಿಗೆ ಬಂದಿದ್ದರು, ಅವರಿಗೆ ಈತ ಹೊಸಬನಾಗಿ ಕಾಣಲಿಲ್ಲ. ಮತ್ತೆ ಗೋವಾನೇ ಯಾಕೆ? 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರಿಂದ ಬಿಡಿಸಿಕೊಂಡ ನೆಲ ಅದು, ಪಕ್ಕದಲ್ಲೇ ಇದ್ದರೂ ಆವರೆಗೆ ವಿದೇಶವಾಗಿತ್ತು. ಕಳ್ಳಸಾಗಣೆಯ ಚಿನ್ನ ಯಾಕೆ? ಆಗ ಚಿನ್ನಕ್ಕೆ ಸರ್ಕಾರದ ಬಿಗಿ ಹಿಡಿತವಿತ್ತು, ಚಿನ್ನ ನಿಯಂತ್ರಣ ಕಾಯ್ದೆಯೂ 1968ರದ್ದೇ. ಬ್ರಿಟಿಷ್ ಬಾಂಡ್‌ಗೆ ಲೋಕವನ್ನೇ ಸುಡಲು ಹೊರಟ ಖಳ ಬೇಕು. ನಮ್ಮವರಿಗೆ ದೇಶದ ಸಂಪತ್ತನ್ನು ಕದ್ದು ಸಾಗಿಸುವವನಿಗಿಂತ ದೊಡ್ಡ ದ್ರೋಹಿ ಇರಲಿಲ್ಲ. ಹೊಸದಾಗಿ ಸ್ವತಂತ್ರವಾದ ಬಡ ದೇಶದ ಭಯ ಅದು. ನನಗೆ ಆ ಭಯದ ಬಗ್ಗೆ ಅಪಾರ ಗೌರವವಿದೆ.

ಬಾಂಡ್ ಇಲ್ಲಿಗೆ ಬಂದಾಗ ಏನಾಯ್ತು ಅನ್ನುವುದನ್ನೂ ತೋರಿಸಿ. 1983ರ 'ಆಕ್ಟೋಪಸ್ಸಿ' ಉದಯಪುರದಲ್ಲಿ ನಡೆಯುತ್ತದೆ. ಹಾವಾಡಿಗ, ಮುಳ್ಳಿನ ಹಾಸಿಗೆಯ ಫಕೀರ, ಊಟದ ಮೇಜಿನ ಮೇಲೆ ಕುರಿಯ ತಲೆ. ಪಗಡೆಯಂಥ ಆಟದಲ್ಲಿ ಗೆದ್ದ ದುಡ್ಡನ್ನು ಭಾರತೀಯ ಸಹಾಯಕನ ಕೈಗೆ ತುರುಕಿ, ಕೆಲವು ವಾರ ನಿನ್ನ 'ಕರಿ' ಊಟಕ್ಕೆ ಇದು ಸಾಕು ಅನ್ನುವ ಅರ್ಥದ ಮಾತಾಡುತ್ತಾನೆ. ಟೆನಿಸ್‌ನಲ್ಲಿ ವಿಂಬಲ್ಡನ್ ಆಡಿದ ವಿಜಯ್ ಅಮೃತರಾಜ್ ಅಲ್ಲಿ ರ್‍ಯಾಕೆಟ್ ಹಿಡಿದು ಗೂಂಡಾಗಳಿಗೆ ಬಾರಿಸಿ ಕೊನೆಗೆ ಬಾಂಡ್‌ಗಾಗಿ ಸಾಯುತ್ತಾರೆ. ಈ ಚಿತ್ರ ನನಗೆ ಕೋಪ ತರಿಸುತ್ತದೆ. ಉದಯಪುರದ ಮೇಲ್ಛಾವಣಿ ಹೋಟೆಲುಗಳು ಸಂಜೆ ಹೊತ್ತು ಪ್ರವಾಸಿಗರಿಗೆ ಅದನ್ನೇ ಹಾಕಿ ಹೊಟ್ಟೆ ಹೊರೆಯುತ್ತವೆ, ಅದನ್ನು ಬೇಡ ಅನ್ನಲೂ ನನಗೆ ಮನಸ್ಸು ಬರುವುದಿಲ್ಲ.

ಹಳೇ ರೀಲು:

999ರ ಬಗ್ಗೆ ಬರೆದವರಿಗೆ ನಮಸ್ಕಾರ. ಧಾರವಾಡದ ಅಕ್ಕಾವ್ರು ಹೇಳಿದ್ದನ್ನೂ ಪೂರ್ತಿ ಒಪ್ಪುತ್ತೇನೆ.

ಟೀಚರ್, ಎದುರು ಪಾಳಯದ ಗೂಢಚಾರನನ್ನೂ ಪಾಠಕ್ಕೆ ಕರೆತನ್ನಿ. ಸೋವಿಯತ್ ಟಿವಿಯಲ್ಲಿ 1973ರಲ್ಲಿ 'ಸೆವೆಂಟೀನ್ ಮೊಮೆಂಟ್ಸ್ ಆಫ್ ಸ್ಪ್ರಿಂಗ್' ಅಂತ 12 ಕಂತಿನ ಧಾರಾವಾಹಿ ಬಂತು, ನಿರ್ದೇಶಕಿ ತತ್ಯಾನಾ ಲಿಯೋಜ್ನೊವಾ. ನಾಯಕ ಸ್ಟಿರ್ಲಿಟ್ಸ್, 1945ರ ಬರ್ಲಿನ್‌ನಲ್ಲಿ ನಾಜಿ ಅಧಿಕಾರಿಯ ವೇಷದಲ್ಲಿರುವ ಸೋವಿಯತ್ ಗೂಢಚಾರ. ಹೊಡೆದಾಟ ಇಲ್ಲವೇ ಇಲ್ಲ ಅನ್ನಬಹುದು. ಒಂದು ದೃಶ್ಯ ಮಕ್ಕಳಿಗೆ ತೋರಿಸಲೇಬೇಕು: ವರ್ಷಗಟ್ಟಲೆ ದೂರವಿದ್ದ ಹೆಂಡತಿಯನ್ನು ಯಾರೋ ಒಂದು ಕೆಫೆಗೆ ಕರೆತಂದು ಕೂರಿಸುತ್ತಾರೆ. ಈತ ಇನ್ನೊಂದು ಮೇಜಿನಲ್ಲಿ. ಹತ್ತಿರ ಹೋಗುವಂತಿಲ್ಲ, ಮಾತಾಡುವಂತಿಲ್ಲ. ನಿಮಿಷಗಟ್ಟಲೆ ಇಬ್ಬರೂ ಬರೀ ನೋಡುತ್ತಾರೆ, ಪಿಯಾನೋ ನುಡಿಯುತ್ತಿರುತ್ತದೆ, ಆಮೇಲೆ ಅವಳನ್ನು ಕರೆದುಕೊಂಡು ಹೋಗುತ್ತಾರೆ. ಯುದ್ಧದಲ್ಲಿ ಕೋಟ್ಯಂತರ ಜನರನ್ನು ಕಳೆದುಕೊಂಡ ದೇಶಕ್ಕೆ ಬೇಕಿದ್ದ ವೀರ ಇವನು, ಸಹಿಸಿಕೊಳ್ಳುವವನು. ಇದನ್ನು ಬಾಂಡ್ ಪಕ್ಕದಲ್ಲಿಟ್ಟರೆ ಶೀತಲ ಸಮರದ ಎರಡು ಕಡೆಯವರೂ ತಮ್ಮನ್ನು ತಾವು ಹೇಗೆ ನೋಡಿಕೊಂಡರು ಅನ್ನುವುದು ಕಾಣುತ್ತದೆ.

ಇನ್ನೊಂದು, 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆ. ಬಾಂಡ್ ವೇಷದ ಡೇನಿಯಲ್ ಕ್ರೇಗ್ ಅರಮನೆಗೆ ಹೋಗುತ್ತಾನೆ, ನಿಜವಾದ ರಾಣಿಯೇ ತಿರುಗಿ ಅವನನ್ನು ಮಾತಾಡಿಸುತ್ತಾರೆ. ಹೆಲಿಕಾಪ್ಟರಿನಿಂದ ಇಬ್ಬರ ವೇಷದವರು ಹಾರುತ್ತಾರೆ, ಪ್ಯಾರಾಚೂಟ್ ಮೇಲೆ ಮತ್ತೆ ಅದೇ ಯೂನಿಯನ್ ಜ್ಯಾಕ್. ಒಂದು ದೇಶ ತನ್ನ ಬಗ್ಗೆ ಜಗತ್ತಿಗೆ ಹೇಳಬೇಕಾದಾಗ ರಾಣಿಯ ಪಕ್ಕಕ್ಕೆ ಒಂದು ಕಲ್ಪಿತ ಪಾತ್ರವನ್ನು ನಿಲ್ಲಿಸಿತು. ನಿಮ್ಮ ಸಹೋದ್ಯೋಗಿಗೆ ಈ ತುಣುಕು ತೋರಿಸಿ.

ಹಾಸನದ ಟೀಚರ್:

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಎರಡು ಪಿರಿಯಡ್ ಯೋಜನೆ ಮಾಡಿದ್ದೇನೆ. ಮೊದಲನೆಯದರಲ್ಲಿ ರೇಷನ್ ಕಾರ್ಡ್, ಸೂಯೆಜ್, ಪ್ಯಾರಾಚೂಟ್. ಎರಡನೆಯದರಲ್ಲಿ 999 ಮತ್ತು ಕೆಫೆಯ ದೃಶ್ಯ. ಹೆಣ್ಣುಮಕ್ಕಳ ಪ್ರಶ್ನೆಯನ್ನು ಎರಡರಲ್ಲೂ ಎತ್ತುತ್ತೇನೆ. ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ ಅಂತ ಹೋಮ್‌ವರ್ಕೂ ಕೊಡುತ್ತೇನೆ. ಒಂದೇ ಕೊರತೆ: ಸೋವಿಯತ್ ಒಕ್ಕೂಟದ ಕೊನೆಯ ವರ್ಷಗಳಿಗೆ ತೋರಿಸಲು ಏನಾದರೂ ಇದೆಯೇ?

ಹಳೇ ರೀಲು:

ಇದೆ. 'ದಿ ಲಿವಿಂಗ್ ಡೇಲೈಟ್ಸ್', 1987, ಬಾಂಡ್ ಆಗಿ ಟಿಮೊಥಿ ಡಾಲ್ಟನ್. 1979ರಲ್ಲಿ ನುಗ್ಗಿದ ಸೋವಿಯತ್ ಸೈನ್ಯ ಇನ್ನೂ ಅಫ್ಘಾನಿಸ್ತಾನದಲ್ಲಿದ್ದ ಕಾಲ, ಅದು ಹೊರಟದ್ದು 1989ರ ಫೆಬ್ರವರಿಯಲ್ಲಿ. ಬಾಂಡ್ ಅಲ್ಲಿ ಸೋವಿಯತ್ ವಿರುದ್ಧ ಬಂದೂಕು ಹಿಡಿದ ಮುಜಾಹಿದೀನ್ ಜೊತೆ ಸೇರಿ ಹೋರಾಡುತ್ತಾನೆ, ಅವರ ನಾಯಕ ಕಮ್ರಾನ್ ಶಾ ಆಕ್ಸ್‌ಫರ್ಡಿನಲ್ಲಿ ಓದಿದವನು. ಕೊನೆಯಲ್ಲಿ ಸಂಗೀತ ಕಛೇರಿಗೆ ಅವನೂ ಅವನ ಕಡೆಯವರೂ ಬಂದೂಕು, ಗುಂಡಿನ ಪಟ್ಟಿ ಹೊತ್ತು ತಡವಾಗಿ ಬರುತ್ತಾರೆ. ವಿಮಾನ ನಿಲ್ದಾಣದಲ್ಲಿ ಸ್ವಲ್ಪ ತೊಂದರೆಯಾಯಿತು ಅನ್ನುತ್ತಾರೆ. ಆಗ ಎಲ್ಲರೂ ನಗುತ್ತಿದ್ದ ದೃಶ್ಯ ಅದು.

ಇಸವಿ ಹೇಳದೆ ಇದೊಂದು ದೃಶ್ಯ ಹಾಕಿ. ಯಾವ ವರ್ಷದ್ದಿರಬಹುದು, 2001ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಲೆ ಉಗ್ರರ ದಾಳಿ ಆದ ಮೇಲೆ ಇದನ್ನು ಹೀಗೆ ತೆಗೆಯಲು ಆಗುತ್ತಿತ್ತೇ ಅಂತ ಮಕ್ಕಳು ಚೀಟಿಯಲ್ಲಿ ಬರೆಯಲಿ. ಬೋರ್ಡಿನ ಮೇಲೆ 1979, 1989, 2001 ಮಾತ್ರ ಬರೆದಿಡಿ. ಚೀಟಿಗಳನ್ನು ಓದಿದ ಮೇಲೆ ಏನು ಬಂತು ಅಂತ ಇಲ್ಲಿ ಬಂದು ಹೇಳಿ, ಕಾಯುತ್ತಿರುತ್ತೇನೆ.